ನನ್ನ ಹೆಸರಿಗೆ ಬಂದ ಡಾಕ್ಟರೇಟ್

ಕಲಾಂತಸ್
9 ಫೆಬ್ರವರಿ 1999

ಪ್ರೀತಿಯ ಲೂದಿಂಗ್,

ನಿನ್ನ ಕ್ರಿಸ್‌ಮಸ್ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಬಿಡು, ದವಾವೊದಿಂದ ಇಲ್ಲಿಗೆ ಕೇಳಿಸುವುದಿಲ್ಲ. ಮಂಡಿ ಹೇಗಿದೆ? ಮಗಳು ತಂದುಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಮೊದಲಿನ ಹಾಗೆ ಬಾಟಲಿಯನ್ನು ಮಾತೆ ಮರಿಯಮ್ಮನ ಮುಂದಿಟ್ಟು ಅವಳೇ ವಾಸಿ ಮಾಡಲಿ ಅಂತ ಕೂತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಮೈ ಚೆನ್ನಾಗಿದೆ, ಅಷ್ಟೇ. ಮನಸ್ಸು ಮಾತ್ರ ಕೂತಲ್ಲಿ ಕೂರುತ್ತಿಲ್ಲ, ನಿಂತಲ್ಲಿ ನಿಲ್ಲುತ್ತಿಲ್ಲ. ಈ ವಾರ ಎರಡು ಸಲ ಪುತೊ ಹಬೆಗಿಟ್ಟು ಮರೆತು, ನೀರೆಲ್ಲ ಇಂಗಿ ಪಾತ್ರೆ ಸೀದುಹೋಯಿತು. ನಲವತ್ತು ವರ್ಷದಿಂದ ಅದೇ ಅಕ್ಕಿಹಿಟ್ಟು ಬೇಯಿಸಿ ಸಂತೆಯಲ್ಲಿ ಮಾರುತ್ತಿರುವವಳು ನಾನು. ಗಿರಾಕಿಗಳು ಮೂಸಿ ನೋಡಿ, "ಏನ್ ನೆನೆಂಗ್, ಇವತ್ತು ಪುತೊಗೆ ಹೊಗೆಸೊಪ್ಪು ಹಾಕಿದ್ಯಾ?" ಅಂತ ಹಲ್ಲು ಕಿರಿಯುತ್ತಾರೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಕುತಿಂಗ್‌ಗೆ ನಗರದ ವಿಶ್ವವಿದ್ಯಾಲಯದವರು ಗೌರವ ಡಾಕ್ಟರೇಟ್ ಕೊಡುತ್ತಿದ್ದಾರೆ. ಹೌದು ಕಣೇ, ಬೆಕ್ಕಿನ ಮರಿಯಷ್ಟೇ ಇದ್ದಾಳೆ ಅಂತ ನಮ್ಮಪ್ಪ ಕುತಿಂಗ್ ಅಂತ ಕರೆದ ಅದೇ ನನ್ನ ತಂಗಿಗೆ. ನ್ಯಾಯಮೂರ್ತಿಯಾಗಿ ಅವಳು ಕೊಟ್ಟ ತೀರ್ಪುಗಳಿಗಾಗಿ, ಅದರಲ್ಲೂ ಸೀಗಡಿ ಹೊಂಡದ ಮೊಕದ್ದಮೆಯಲ್ಲಿ ಕಡಲಂಚಿನ ಕಾಂಡ್ಲಾ ಕಾಡನ್ನು ಮೀನುಗಾರರಿಗೇ ಉಳಿಸಿಕೊಟ್ಟಿದ್ದಕ್ಕಾಗಿ. ಮಾರ್ಚ್ ಇಪ್ಪತ್ತಾರಕ್ಕೆ ಸಮಾರಂಭ. ಊರಿನ ಮುಖ್ಯಸ್ಥ ಕಪಿತಾನ್ ಆಗಲೇ ರಸ್ತೆಗೆ ಅಡ್ಡಲಾಗಿ ಬ್ಯಾನರ್ ಕಟ್ಟಿಸಿದ್ದಾನೆ. ಅದರಲ್ಲಿ ಕುತಿಂಗ್ ಮುಖಕ್ಕಿಂತ ಅವನ ಮುಖವೇ ದೊಡ್ಡದು. ಎರಡು ಜೀಪ್ನಿ ತುಂಬ ಜನ ಹೋಗುವುದಂತೆ, ಬಂದಮೇಲೆ ಹಂದಿ ಸುಡುವುದಂತೆ. ಹಂದಿ ಯಾರದು ಅಂತ ಕೇಳಿದರೆ ಎಲ್ಲರೂ ನನ್ನ ಹಿತ್ತಿಲ ಕಡೆ ನೋಡುತ್ತಾರೆ.

ಇಷ್ಟೇ ಆಗಿದ್ದರೆ ಖುಷಿಯಾಗಿ ಎರಡು ಹಂದಿ ಕೊಡುತ್ತಿದ್ದೆ. ಪದವಿ ಕೊಡುವಾಗ ಹೆಗಲ ಮೇಲಿಂದ ಬೆನ್ನಿಗೆ ಇಳಿಬಿಡುವ ಒಂದು ರೇಷ್ಮೆ ಪಟ್ಟಿ ಹಾಕುತ್ತಾರೆ ನೋಡು, ಅದನ್ನು ಸಾಮಾನ್ಯವಾಗಿ ಯಾರಾದರೂ ದೊಡ್ಡವರು ಹಾಕುವುದು. ಕುತಿಂಗ್ ಹಠ ಹಿಡಿದಿದ್ದಾಳೆ: ಶಾಲೆಯಲ್ಲಿ ಮಕ್ಕಳಿಗೆ ರಿಬ್ಬನ್ ಚುಚ್ಚಲು ಅಪ್ಪ ಅಮ್ಮ ವೇದಿಕೆ ಹತ್ತುತ್ತಾರಲ್ಲ, ಹಾಗೆ ನನಗೆ ನನ್ನಕ್ಕನೇ ಹಾಕಬೇಕು ಅಂತ. ಅವರೂ ಒಪ್ಪಿದ್ದಾರೆ. ಒಪ್ಪಿ, ಬಿರುದಿನ ಪತ್ರ ಬರೆಯುವ ಮಿಸ್ ಆರಾಸೆಲಿ ಎಂಬ ಪ್ರಾಧ್ಯಾಪಕಿಯನ್ನು ನನ್ನ ಮನೆಗೆ ಕಳಿಸಿದ್ದಾರೆ. ಆ ದಿನ ಸಭೆಯ ಮುಂದೆ ಗೌರವ ಪಡೆಯುವವರ ಜೀವನವನ್ನೆಲ್ಲ ಓದಿ ಹೇಳುತ್ತಾರಂತೆ. ಅದಕ್ಕೆ ಬಾಲ್ಯದ ಕಥೆಗಳು ಬೇಕು.

ಈಗ ಗಟ್ಟಿಯಾಗಿ ಕೂತುಕೋ. ನೀನು ಹತ್ತು ವರ್ಷದ ಹಿಂದೆ ಒಂದು ಪತ್ರದಲ್ಲಿ ಕೇಳಿದ್ದೆ: "ಪೇಪರಿನಲ್ಲಿ ಕುತಿಂಗ್ ಫೋಟೋ ಹಾಕಿ ಕೆಳಗೆ ಫ್ಲೊರೆಂತಿನಾ ಪಾಲ್ಮಾರೆಸ್ ಅಂತ ಬರ್ದಿದ್ದಾರಲ್ಲೇ, ಅದು ನಿನ್ನ ಹೆಸರಲ್ವಾ? ಪೇಪರಿನೋರಿಗೆ ಕಣ್ಣು ಕುರುಡಾ?" ನಾನು "ಹೌದು, ಕುರುಡು" ಅಂತ ಬರೆದು ತೇಲಿಸಿಬಿಟ್ಟೆ. ಕುರುಡಲ್ಲ ಲೂದಿಂಗ್. ನ್ಯಾಯಮೂರ್ತಿಯ ಕಾಗದಪತ್ರದಲ್ಲೆಲ್ಲ ಅವಳ ಹೆಸರು ಫ್ಲೊರೆಂತಿನಾ. ನನ್ನ ಮದುವೆಯ ದಾಖಲೆಯಲ್ಲಿ, ಮತದಾರರ ಪಟ್ಟಿಯಲ್ಲಿ, ಸಂತೆಯ ಪರವಾನಗಿಯಲ್ಲಿ ನನ್ನ ಹೆಸರು ಗ್ರೆಗೋರಿಯಾ. ಪಂಚಾಂಗ ನೋಡಿ ಹುಟ್ಟಿದ ದಿನದ ಸಂತರ ಹೆಸರಿಟ್ಟ ನಮ್ಮಪ್ಪನ ಲೆಕ್ಕದಲ್ಲಿ ಗ್ರೆಗೋರಿಯಾ ಅವಳ ಹೆಸರು, ಫ್ಲೊರೆಂತಿನಾ ನನ್ನದು.

ಆರನೇ ತರಗತಿಯಲ್ಲಿ ನಾನು ಮೊದಲನೆಯವಳಾಗಿ ಬಂದದ್ದು, ನಗರದ ಕಾನ್ವೆಂಟಿನ ಉಚಿತ ಸೀಟಿಗೆ ಪರೀಕ್ಷೆ ಬರೆಯಲು ಹೋದದ್ದು ನಿನಗೆ ಗೊತ್ತು. ನೀವೆಲ್ಲ ಗಾಡಿ, ಹಡಗು ಹತ್ತಿ ದಕ್ಷಿಣದ ಮಿಂದನಾವೊ ದ್ವೀಪಕ್ಕೆ ಗುಳೆ ಹೋದ ತಿಂಗಳಲ್ಲೇ ಸೀಟು ಸಿಕ್ಕಿದ ಪತ್ರ ಬಂತು. ಫ್ಲೊರೆಂತಿನಾ ಪಾಲ್ಮಾರೆಸ್, ಜೂನ್ ತಿಂಗಳಲ್ಲಿ ಹಾಜರಾಗತಕ್ಕದ್ದು ಅಂತ. ಆಗ ಅಪ್ಪ ತೀರಿಕೊಂಡು ವರ್ಷ ಆಗಿರಲಿಲ್ಲ, ಮನೆಯಲ್ಲಿ ಇನ್ನೂ ಮೂರು ಪುಟ್ಟವು. ದೊಡ್ಡವಳು ಮನೆಗೆ ಬೇಕು ಅಂದಳು ಅಮ್ಮ. ಸೀಟು ಕಳೆದುಕೊಳ್ಳುವುದೂ ಬೇಡ ಅಂದಳು. ನನ್ನ ಜ್ಞಾನಸ್ನಾನದ ಪತ್ರ, ನನ್ನ ಅಂಕಪಟ್ಟಿ, ನನ್ನ ಬಿಳಿ ಲಂಗ ಎಲ್ಲವನ್ನೂ ಕಟ್ಟಿ ಕುತಿಂಗ್ ಕೈಗೆ ಕೊಟ್ಟು ಕಳಿಸಿದಳು. "ಆ ಬಿಳಿ ಸಿಸ್ಟರ್‌ಗಳಿಗೆ ನಮ್ಮ ಮಕ್ಕಳ ಮುಖ ಎಲ್ಲಾ ಒಂದೇ" ಅಂದಳು. ಅದು ನಿಜವೇ ಆಯಿತು, ಯಾರೂ ಕೇಳಲಿಲ್ಲ. ಊರಿಗಂತೂ ನಾವು ಹುಟ್ಟಿದಾಗಿನಿಂದ ನೆನೆಂಗ್, ಕುತಿಂಗ್. ಇಲ್ಲಿ ಜ್ಞಾನಸ್ನಾನದ ಹೆಸರು ಶಾಲೆಯ ಹಾಜರಿಗೆ ಬಿಟ್ಟರೆ ಗೋರಿಕಲ್ಲಿಗೆ ಮಾತ್ರ ಬೇಕಾಗುವುದು, ನಿನಗೆ ಗೊತ್ತಲ್ಲ. ಕಾನ್ವೆಂಟಿನಲ್ಲಿ ಫ್ಲೊರೆಂತಿನಾ ಆದವಳು ಕಾನೂನು ಕಾಲೇಜಿನಲ್ಲೂ ಹಾಗೇ ಉಳಿದಳು, ಪ್ರಮಾಣವಚನದಲ್ಲೂ ಹಾಗೇ ಉಳಿದಳು. ಒಂದು ಹೆಜ್ಜೆ ಇಟ್ಟಮೇಲೆ ಹಿಂದೆ ತಿರುಗುವ ಜಾಗವೇ ಸಿಗಲಿಲ್ಲ.

ಮಿಸ್ ಆರಾಸೆಲಿ ಒಳ್ಳೆಯ ಹುಡುಗಿ. ಕೊಟ್ಟ ಪುತೊ ಎಲ್ಲ ತಿಂದಳು, ಸೀದದ್ದನ್ನೂ ತಿಂದಳು. "ನ್ಯಾಯಮೂರ್ತಿಗಳು ಚಿಕ್ಕೋರಿದ್ದಾಗ ಹೇಗಿದ್ರು ಅಮ್ಮ?" ಅಂದಳು. ಎರಡು ಮಾತು ಹೇಳಿ ಕಳಿಸೋಣ ಅಂದುಕೊಂಡವಳು ಮೂರು ಗಂಟೆ ಮಾತಾಡಿದೆ. ಇನ್‌ಸ್ಪೆಕ್ಟರ್ ಬಂದಾಗ ಹಲಗೆಯ ಮೇಲೆ ಅವನೇ ಬರೆದ ಲೆಕ್ಕದಲ್ಲಿ ತಪ್ಪು ತೋರಿಸಿದ್ದು ಹೇಳಿದೆ. ಯುದ್ಧದ ಕಾಲದಲ್ಲಿ ಗುಡ್ಡದ ಮೇಲೆ ಅಡಗಿದ್ದಾಗ ಬಾಳೆಲೆಯ ಮೇಲೆ ಕಡ್ಡಿಯಿಂದ ಅಕ್ಷರ ಕಲಿತದ್ದು ಹೇಳಿದೆ. ಎಲ್ಲ ನನ್ನದು ಕಣೇ. ಎಲ್ಲವನ್ನೂ 'ಅವಳು' ಅಂತ ಹೇಳಿದೆ. ನನ್ನ ಬಗ್ಗೆ ಅಷ್ಟು ಹೊತ್ತು ಕೇಳಿದವರು ಯಾರೂ ಇರಲಿಲ್ಲ, ನಾಲಗೆಗೆ ಲಗಾಮೇ ಸಿಗಲಿಲ್ಲ.

ಆ ಉತ್ಸಾಹದಲ್ಲೇ ಎಡವಟ್ಟು ಮಾಡಿದೆ. "ಆ ತರಗತಿಯವರು ಯಾರಾದ್ರೂ ಇದ್ದಾರಾ? ಫೋಟೋ ಏನಾದ್ರೂ?" ಅಂದಳು. ಶಾಲೆಯದ್ದು ಚಂಡಮಾರುತಕ್ಕೆ ಹೋಯಿತು, ದವಾವೊದ ಲೂದಿಂಗ್ ಹತ್ತಿರ ಇರಬೇಕು ಅಂತ ನನ್ನ ಬಾಯಿಂದಲೇ ಬಂತು. ವಿಳಾಸವನ್ನೂ ಕೊಟ್ಟೆ. ಅವಳು ಹೋಗಿ ಅರ್ಧ ಗಂಟೆಯ ಮೇಲೆ ಹೊಳೆಯಿತು. ಆ ಫೋಟೋದ ಕೆಳಗೆ ಮೇಷ್ಟ್ರು ಬಿಳಿ ಶಾಯಿಯಲ್ಲಿ ಎಲ್ಲರ ಹೆಸರೂ ಬರೆದಿದ್ದಾರೆ. ಮುಂದಿನ ಸಾಲಿನಲ್ಲಿ ರಿಬ್ಬನ್ ಹಾಕಿಕೊಂಡ ನಾನು ಫ್ಲೊರೆಂತಿನಾ. ಹಿಂದೆ, ಕೆಳಗಿನ ತರಗತಿಯವರ ಸಾಲಿನಲ್ಲಿ, ಬಾಣಲೆಯ ಹಿಡಿಯಂಥ ಆ ಎರಡು ಕಿವಿ ಇಟ್ಟುಕೊಂಡು ನಿಂತವಳು ಗ್ರೆಗೋರಿಯಾ. ಆ ಕಿವಿಯನ್ನು ಇಡೀ ದೇಶ ಟಿವಿಯಲ್ಲಿ ನೋಡಿದೆ.

ಆದ್ದರಿಂದ ಬೇಡಿಕೊಳ್ಳುತ್ತೇನೆ. ಮಿಸ್ ಆರಾಸೆಲಿಯ ಪತ್ರ ಬಂದರೆ ಫೋಟೋ ಗೆದ್ದಲು ತಿಂದಿತು ಅಂತ ಬರೆ. ಸುಳ್ಳು ಹೆಸರಿನಲ್ಲಿ ಪ್ರಮಾಣ ಮಾಡಿದವಳು ಅಂತ ಗೊತ್ತಾದರೆ ಕುತಿಂಗ್ ಬದುಕೇ ಮಣ್ಣುಪಾಲು. ಸೀಗಡಿ ಹೊಂಡದವರು ಅದನ್ನೇ ಕಾಯುತ್ತಿದ್ದಾರೆ.

ದೇವರು ನಿನ್ನ ಮಂಡಿಯನ್ನೂ ಮನೆಯನ್ನೂ ಕಾಪಾಡಲಿ.

ನಿನ್ನ
ನೆನೆಂಗ್


ಕಲಾಂತಸ್
14 ಮಾರ್ಚ್ 1999

ಪ್ರೀತಿಯ ಲೂದಿಂಗ್,

ನಿನ್ನ ಪತ್ರ ಬಂತು. ಓದಿ ಮುಗಿಸುವಷ್ಟರಲ್ಲಿ ಕಿವಿ ಬಿಸಿಯಾಯಿತು. ಅಷ್ಟು ದೂರದಿಂದಲೂ ನಿನ್ನ ಬಾಯಿಗೆ ಇಷ್ಟು ಕಾವಿದೆ ಅಂತ ಗೊತ್ತಿದ್ದರೆ ಪುತೊ ಬೇಯಿಸಲು ಸೌದೆ ತರಿಸುತ್ತಿರಲಿಲ್ಲ. "ಮೂದೇವಿ, ಪಕ್ಕದ ಮನೆಗೆ ಒಂದು ಹಿಡಿ ಉಪ್ಪು ಕೊಟ್ಟ ಹಾಗೆ ಹೆಸರು ಕೊಟ್ಟು ಕೂತಿದ್ದೀಯಲ್ಲ" ಅಂತ ಬರೆದಿದ್ದೀಯ. ಫೋಟೋ ಕಳಿಸೇ ಕಳಿಸುತ್ತೇನೆ, ಯಾವ ಜಡ್ಜಿಗೂ ನಾನು ಹೆದರುವವಳಲ್ಲ, ಆ ದಿನ ಮೊದಲ ಬಹುಮಾನ ತಗೊಂಡವಳು ಯಾರು ಅಂತ ಎಲ್ಲರಿಗೂ ಗೊತ್ತಾಗಲಿ ಅಂದಿದ್ದೀಯ. ಬೈದದ್ದಕ್ಕೆ ಸಿಟ್ಟಿಲ್ಲ. ನಿಜ ಹೇಳಲಾ, ಆ ಸಾಲನ್ನು ನಾಲ್ಕು ಸಲ ಓದಿದೆ. ನನ್ನ ಪರವಾಗಿ ಸಿಟ್ಟು ಮಾಡಿಕೊಂಡವರು ನೀನೊಬ್ಬಳೇ.

ಆದರೆ ಕಳಿಸಬೇಡ. ಕಳಿಸಲೇಬೇಕು ಅಂತಿದ್ದರೆ ಮಿಸ್ ಆರಾಸೆಲಿಗಲ್ಲ, ನನಗೆ ಕಳಿಸು. ಹೆಸರು ನನ್ನದು ತಾನೇ, ಏನು ಮಾಡಬೇಕು ಅಂತ ನಾನೇ ನೋಡುತ್ತೇನೆ.

ಮೊನ್ನೆ ಹನ್ನೆರಡಕ್ಕೆ ಕುತಿಂಗ್ ಬಂದಿದ್ದಳು. ಕಾಗದದ ಪ್ರಕಾರ ಅವಳು ಹುಟ್ಟಿದ್ದು ಜೂನ್ ಇಪ್ಪತ್ತು, ಆ ದಿನ ಕೋರ್ಟಿನವರೆಲ್ಲ ಕೇಕ್ ತಂದು ಹಾಡುತ್ತಾರೆ. ನಿಜವಾದ ಹುಟ್ಟುಹಬ್ಬಕ್ಕೆ, ಮಾರ್ಚ್ ಹನ್ನೆರಡಕ್ಕೆ, ಯಾರಿಗೂ ಹೇಳದೆ ನನ್ನ ಅಡುಗೆಮನೆಗೆ ಬರುತ್ತಾಳೆ. ನಾನು ಉದ್ದನೆಯ ಶ್ಯಾವಿಗೆಯ ಪನ್ಸಿತ್ ಮಾಡಿಡುತ್ತೇನೆ, ಆಯುಸ್ಸು ಅಷ್ಟೇ ಉದ್ದ ಇರಲಿ ಅಂತ. ಈ ಸಲ ಅರವತ್ತು ತುಂಬಿತು. ಡ್ರೈವರನ್ನು ಚರ್ಚಿನ ಹತ್ತಿರವೇ ಬಿಟ್ಟು, ಬಿಸಿಲಲ್ಲಿ ಚಪ್ಪಲಿ ಎಳೆದುಕೊಂಡು ಬಂದಳು. ಬಂದವಳೇ ಆಶೀರ್ವಾದಕ್ಕೆ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಕೈ ತೇವ ಇತ್ತು, ಅವಳ ಹಣೆಯ ಮೇಲೆ ಹಿಟ್ಟು ಮೆತ್ತಿತು. ಒರೆಸಿಕೊಳ್ಳಲಿಲ್ಲ.

ಫೋಟೋ ವಿಷಯ ಅವಳಿಗೆ ಹೇಳಿದೆ. ಹೆದರುತ್ತಾಳೆ ಅಂದುಕೊಂಡಿದ್ದೆ. ಅವಳು ಪನ್ಸಿತ್ ತಟ್ಟೆ ಕೆಳಗಿಟ್ಟಳು.

"ಒಳ್ಳೇದೇ ಆಯ್ತು ಬಿಡು ಅಕ್ಕ. ಭಾಷಣದಲ್ಲಿ ಹೇಳ್ಬಿಡ್ತೀನಿ."

"ಏನ್ ಹೇಳ್ತೀಯ?"

"ಈ ಹೆಸರು ನನ್ನದಲ್ಲ, ಅಲ್ಲಿ ಪಟ್ಟಿ ಹಿಡ್ಕೊಂಡು ನಿಂತಿದ್ದಾಳಲ್ಲ, ಅವಳದು ಅಂತ."

"ಹೇಳಮ್ಮ, ಹೇಳು. ಮಾರನೇ ದಿನ ಸೀಗಡಿ ಹೊಂಡದೋರು ಕೋರ್ಟ್ ಬಾಗಿಲು ತಟ್ತಾರೆ. ಕಾಂಡ್ಲಾ ಕಾಡಿನ ಜನ ನಿನ್ನ ಭಾಷಣ ಹುರ್ಕೊಂಡು ತಿನ್ನಲಿ."

"ಆ ತೀರ್ಪು ಮೂರು ಜನ ಸೇರಿ ಕೊಟ್ಟಿದ್ದು ಅಕ್ಕ, ನಾನೊಬ್ಬಳೇ ಅಲ್ಲ. ಅಷ್ಟು ಸುಲಭಕ್ಕೆ ಬೀಳಲ್ಲ. ಬೀಳೋದು ನಾನು."

"ನನಗೆ ಕಾನೂನು ಹೇಳಿಕೊಡಕ್ಕೆ ಬರ್ಬೇಡ. ತಿನ್ನು, ಆರತ್ತೆ."

ಅವಳು ತಿನ್ನಲಿಲ್ಲ. "ನಿನಗೆ ಗೊತ್ತಿಲ್ಲ ಅಕ್ಕ" ಅಂದಳು. "ಪ್ರತಿ ಸಾಕ್ಷಿನೂ ಕಟಕಟೆಗೆ ಬಂದು ಕೈ ಎತ್ತಿ, ಸತ್ಯವನ್ನೇ ಹೇಳ್ತೀನಿ ಅಂತಾನಲ್ಲ, ಆಗ ನಾನು ಅವನ ಮುಖ ನೋಡಲ್ಲ. ಮೇಜು ನೋಡ್ತೀನಿ. ಇಪ್ಪತ್ತೆರಡು ವರ್ಷ ಮೇಜು ನೋಡಿದೀನಿ."

ನಾನು ಎದ್ದು ಒಲೆಯ ಹತ್ತಿರ ಹೋಗಿ ಇಲ್ಲದ ಬೂದಿ ಕೆದಕಿದೆ. ಅವಳು ಹಿಂದಿನಿಂದ, "ಒಂದೇ ಒಂದು ಕೇಳ್ತೀನಿ. ಅಮ್ಮನೂ ಕೇಳ್ಲಿಲ್ಲ, ನಾನೂ ಇಲ್ಲಿವರೆಗೆ ಕೇಳ್ಲಿಲ್ಲ. ನಿನಗೆ ಏನು ಬೇಕು?" ಅಂದಳು.

"ಆ ಪಾತ್ರೆಗಳನ್ನ ತೊಳ್ದುಕೊಡು" ಅಂದೆ.

ತೊಳೆದಳು ಕಣೇ. ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿ ಕುಕ್ಕರುಗಾಲಲ್ಲಿ ಕೂತು ನನ್ನ ಸೀದ ಪಾತ್ರೆಯನ್ನು ತೆಂಗಿನ ನಾರು ಹಾಕಿ ತಿಕ್ಕಿದಳು. ತಿಕ್ಕುತ್ತಲೇ ಇನ್ನೊಂದು ಮಾತು ಹೇಳಿದಳು. "ಅಮ್ಮ ನಿನಗೆ ಮಾಡಿದ್ದು ಅನ್ಯಾಯ. ಅವಳ ಗೋರಿ ಹತ್ರ ಹೋದಾಗೆಲ್ಲ ಪ್ರಾರ್ಥನೆ ಮಾಡೋಕೆ ಬಾಯಿ ಬರಲ್ಲ ನನಗೆ. ಸಿಟ್ಟು ಬರತ್ತೆ. ಓದೋ ಮಗಳನ್ನ ಒಲೆ ಮುಂದೆ ಕೂರ್ಸಿ, ದಡ್ಡ ಮಗಳನ್ನ ಓದೋಕೆ ಕಳ್ಸಿದ್ಲಲ್ಲ." ಅದು ನಿಜ. ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಬಂದಾಗ ಅಪ್ಪನ ಗೋರಿಯ ಮೇಲೆ ಮೇಣದಬತ್ತಿ ಹಚ್ಚಿ ಮಂಡಿಯೂರುತ್ತಾಳೆ, ಅಮ್ಮನ ಗೋರಿಯ ಹತ್ತಿರ ಹಚ್ಚಿದ್ದೇ ತಡ, ಸೆಕೆ ಅಂತ ಎದ್ದುಬಿಡುತ್ತಾಳೆ.

ನಾನು "ಅಮ್ಮನ್ನ ಬೈಬೇಡ" ಅಂದೆ, ಅಷ್ಟೇ.

ಹೋಗುವಾಗ ಹೇಳಿದಳು: "ನೀನು ಹೂಂ ಅಂದ್ರೆ ಹೇಳ್ತೀನಿ, ಬೇಡ ಅಂದ್ರೆ ಬಿಡ್ತೀನಿ. ವೇದಿಕೆ ಹತ್ತೋವರೆಗೂ ಟೈಮ್ ಇದೆ ನಿನಗೆ." ಹೀಗೆ ನನ್ನ ತಲೆಯ ಮೇಲೆ ಚಪ್ಪಡಿ ಇಟ್ಟು ಹೋದಳು. ಅಂದಿನಿಂದ ಊಟ ರುಚಿಸುತ್ತಿಲ್ಲ. ಸಂತೆಯಲ್ಲಿ ಚಿಲ್ಲರೆ ತಪ್ಪು ಕೊಡುತ್ತೇನೆ. ನಿನ್ನೆ ಚರ್ಚಿನಲ್ಲಿ ಎಲ್ಲರೂ ಕೂತಮೇಲೆ ನಾನೊಬ್ಬಳೇ ನಿಂತಿದ್ದೆ, ಪಕ್ಕದವಳು ಲಂಗ ಹಿಡಿದು ಎಳೆದಳು. ಬೆಳಿಗ್ಗೆ ಎದ್ದಾಗ ಹೂಂ ಅನ್ನೋಣ ಅನಿಸುತ್ತದೆ. ಹಲ್ಲುಜ್ಜುವಷ್ಟರಲ್ಲಿ ಬೇಡ ಅನಿಸುತ್ತದೆ. ಸಾಯುವ ಮೊದಲು ಒಂದು ಸಲವಾದರೂ ನನ್ನ ಹೆಸರಿನಿಂದ ಯಾರಾದರೂ ನನ್ನನ್ನು ಕರೆಯಲಿ ಅಂತ ಆಸೆಪಡುವುದು ತಪ್ಪಾ ಹೇಳು. ಸತ್ತಮೇಲೆ ಗೋರಿಯ ಮೇಲೆ ಗ್ರೆಗೋರಿಯಾ ಅಂತ ಕೆತ್ತುತ್ತಾರೆ, ನನ್ನ ಮೇಲೆ ಅವಳ ಹೆಸರಿನ ಕಲ್ಲು.

ಫೋಟೋ ನನಗೇ ಕಳಿಸು. ನಿನ್ನ ಕಾಲಿಗೆ ಬೀಳುತ್ತೇನೆ, ಮಂಡಿ ಸರಿ ಇರುವ ಕಾಲಿಗೆ.

ನಿನ್ನ
ನೆನೆಂಗ್


ಕಲಾಂತಸ್
31 ಮಾರ್ಚ್ 1999, ಪವಿತ್ರ ವಾರದ ಬುಧವಾರ

ಪ್ರೀತಿಯ ಲೂದಿಂಗ್,

ನಿನ್ನ ತಂಗಿಯ ಮಗ ಹಡಗಿನಿಂದ ಇಳಿದು ನೇರ ನನ್ನ ಮನೆಗೇ ಬಂದು ಫೋಟೋ ಕೊಟ್ಟು ಹೋದ, ಸಮಾರಂಭಕ್ಕೆ ಎರಡು ದಿನ ಇರುವಾಗ. ಒಳ್ಳೆಯ ಹುಡುಗ, ಆದರೆ ನಿನ್ನ ಹಾಗೇ ಮಾತು ಜಾಸ್ತಿ. ಮೊದಲೇ ಬರೆದು ತಿಳಿಸಬೇಕಿತ್ತು, ತಡವಾಯಿತು, ಕ್ಷಮಿಸು. ಬಂದಮೇಲೆ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಕಾಯಿಲೆ ಏನಿಲ್ಲ, ಸುಸ್ತು.

ಫೋಟೋ ನೋಡಿದೆ. ನಾವಿಬ್ಬರೂ ಎಷ್ಟು ಸಣಕಲು. ನಿನ್ನ ಕಾಲಲ್ಲಿ ಚಪ್ಪಲಿ ಇದೆ, ನನ್ನ ಕಾಲಲ್ಲಿ ಇಲ್ಲ, ಅದು ನಿನಗೆ ಈಗಲೂ ಹೆಮ್ಮೆ ಇರಬೇಕು. ಚೀಲದ ತಳದಲ್ಲಿ, ಬದಲಿ ರವಿಕೆಯ ಒಳಗೆ ಸುತ್ತಿ ಇಟ್ಟುಕೊಂಡು ಹೊರಟೆ. ಜೀಪ್ನಿಯಲ್ಲಿ ಊರಿನವರೆಲ್ಲ ಹಾಡಿದ್ದೇ ಹಾಡಿದ್ದು. ಕಪಿತಾನ್ ದಾರಿಯುದ್ದಕ್ಕೂ, "ನಮ್ಮೂರ ನೀರಲ್ಲೇ ಬುದ್ಧಿ ಇದೆ" ಅನ್ನುತ್ತಿದ್ದ. "ನೀನೂ ಅದೇ ನೀರ್ ಕುಡ್ದಿದ್ದಲ್ವಾ" ಅಂತ ಯಾರೋ ಹಿಂದಿನಿಂದ ಅಂದರು.

ವಿಶ್ವವಿದ್ಯಾಲಯದಲ್ಲಿ ನಿಲುವಂಗಿ ತೊಡಿಸುವ ಕೋಣೆಗೆ ನನ್ನನ್ನು ಕರೆದೊಯ್ದರು. ಮಿಸ್ ಆರಾಸೆಲಿ ಓಡಿ ಬಂದು, "ಲೂದಿಂಗ್ ಅಮ್ಮ ಉತ್ತರಾನೇ ಬರೀಲಿಲ್ಲ ನೋಡಿ, ಫೋಟೋ ಸಿಕ್ಕಿದ್ರೆ ಎಷ್ಟ್ ಚೆನ್ನಾಗಿರ್ತಿತ್ತು" ಅಂತ ಪೇಚಾಡಿದಳು. ಚೀಲವನ್ನು ಎದೆಗೆ ಅವಚಿಕೊಂಡು "ಪಾಪ, ಅವಳಿಗೆ ಮಂಡಿನೋವು" ಅಂದೆ. ಪಟ್ಟಿಯನ್ನು ಹೇಗೆ ಹಿಡಿಯಬೇಕು, ಹೇಗೆ ತಲೆಯ ಮೇಲಿಂದ ಇಳಿಸಬೇಕು ಅಂತ ಒಂದು ಕುರ್ಚಿಗೆ ಹಾಕಿಸಿ ಕಲಿಸಿದಳು. ಹೆಸರು ಕರೆದ ಮೇಲೆ ಮೊದಲು ನ್ಯಾಯಮೂರ್ತಿಗಳು ಮುಂದೆ ಬರುತ್ತಾರೆ, ಆಮೇಲೆ ನೀವು ಅಂತ ಮೂರು ಸಲ ಹೇಳಿದಳು. ಆಮೇಲೆ ಕುತಿಂಗ್ ಎಲ್ಲರನ್ನೂ ಹೊರಗೆ ಕಳಿಸಿದಳು.

ಫೋಟೋ ತೆಗೆದು ಅವಳ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದಳು. "ಅಯ್ಯೋ, ನನ್ನ ಕಿವಿ" ಅಂದಳು. ಇಬ್ಬರೂ ನಕ್ಕೆವು. ನಗುತ್ತ ನಗುತ್ತಲೇ ಅವಳು ಆ ಕಪ್ಪು ನಿಲುವಂಗಿಯಲ್ಲೇ ನೆಲದ ಮೇಲೆ ಮಂಡಿಯೂರಿದಳು.

"ಅಕ್ಕ, ಹೂಂ ಅನ್ನು, ಹೇಳ್ಬಿಡ್ತೀನಿ. ಇಲ್ಲಾ ಅಂದ್ರೆ ಕ್ಷಮಿಸಿದ್ದೀನಿ ಅನ್ನು. ಎರಡರಲ್ಲಿ ಒಂದು ಬೇಕು ನನಗೆ. ಹೀಗೇ ಹೋಗೋಕಾಗಲ್ಲ."

"ಏಳೇ, ಬಟ್ಟೆ ಮಣ್ಣಾಗತ್ತೆ" ಅಂದೆ.

"ನಿನ್ನ ಬದುಕು ತಿಂದ್ಕೊಂಡು ಬದುಕಿದ್ದೀನಿ ನಾನು. ಮದುವೆನೂ ಆಗ್ಲಿಲ್ಲ ಯಾಕೆ ಗೊತ್ತಾ? ಇನ್ನೊಬ್ಬರ ಹೆಸರಲ್ಲಿ ಗಂಡನ್ನೂ ಮಾಡ್ಕೊಳ್ಳೋದು ಬೇಡ ಅಂತ."

ಇದನ್ನು ಅವಳು ಹಿಂದೆ ಯಾವತ್ತೂ ಹೇಳಿರಲಿಲ್ಲ. ಅವಳ ತಲೆಯ ಮೇಲೆ ಕೈ ಇಟ್ಟು ಕ್ಷಮಿಸಿದ್ದೇನೆ ಅಂದೆ. ಯಾವತ್ತೋ ಕ್ಷಮಿಸಿದ್ದೇನೆ, ಭಾಷಣದಲ್ಲಿ ಏನೂ ಹೇಳಬೇಡ ಅಂದೆ. ಅವಳು ನನ್ನ ಹೊಟ್ಟೆಗೆ ಮುಖ ಒತ್ತಿಕೊಂಡು ಅತ್ತಳು. ಎಳೆಯ ಮಗು ಅತ್ತ ಹಾಗೆ, ಬಿಕ್ಕಳಿಸಿ.

ಆಮೇಲೆ ವೇದಿಕೆ. ಸಾವಿರಾರು ಜನ, ಬಿಳಿ ಹೂವು, ಫ್ಯಾನುಗಳ ಗದ್ದಲ. ಮಿಸ್ ಆರಾಸೆಲಿ ಓದಲು ಶುರುಮಾಡಿದಳು. ಬಾಳೆಲೆಯ ಮೇಲೆ ಅಕ್ಷರ ಕಲಿತವಳು ಅಂದಳು. ಇನ್‌ಸ್ಪೆಕ್ಟರನ ಲೆಕ್ಕ ತಿದ್ದಿದವಳು ಅಂದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನನಗೆ ಮೈ ಜುಮ್ಮೆಂದಿತು ಲೂದಿಂಗ್. ನನಗೇ ತಾನೇ ಆ ಚಪ್ಪಾಳೆ. ಆಮೇಲೆ ಅವಳು ಹಾಳೆ ಮಗುಚಿದಳು. ಕಾನ್ವೆಂಟಿನಲ್ಲಿ ನೆಲ ಒರೆಸಿ ಓದಿದ್ದು, ಕಾನೂನು ಕಾಲೇಜಿನಲ್ಲಿ ಕ್ಷಯ ಬಂದು ಮಲಗಿದ್ದಲ್ಲೇ ಪರೀಕ್ಷೆ ಬರೆದಿದ್ದು, ಮಿಲಿಟರಿ ಆಡಳಿತದ ಕಾಲದಲ್ಲಿ ಹಿಡಿದು ಒಯ್ದ ಹುಡುಗರ ಪರವಾಗಿ ಯಾರೂ ನಿಲ್ಲದಿದ್ದಾಗ ಒಬ್ಬಳೇ ನಿಂತಿದ್ದು, ಬೆದರಿಕೆಯ ಪತ್ರ ಬಂದರೂ ತೀರ್ಪು ತಿರುಗಿಸದೆ ಇದ್ದದ್ದು. ಮೂರು ಹಾಳೆ. ನನ್ನದು ಅರ್ಧ ಹಾಳೆಗೆ ಮುಗಿದಿತ್ತು, ಹದಿಮೂರನೇ ವಯಸ್ಸಿಗೆ. ಉಳಿದದ್ದರಲ್ಲಿ ನನ್ನದೊಂದು ಸಾಲೂ ಇರಲಿಲ್ಲ. ಇಷ್ಟು ವರ್ಷ ಪುತೊ ಬೇಯಿಸುತ್ತ ಕೂತಾಗೆಲ್ಲ, ಅಲ್ಲಿ ಇರಬೇಕಾದವಳು ನಾನು ಅಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆ ಮೂರು ಹಾಳೆ ಕೇಳಿದಮೇಲೆ ಅದೂ ಹೋಯಿತು. ಅಷ್ಟನ್ನೆಲ್ಲ ನಾನು ಮಾಡುತ್ತಿದ್ದೆನೇ? ಗೊತ್ತಿಲ್ಲ ಕಣೇ.

ಹಾಗೆ ಯೋಚಿಸುತ್ತ ನಿಂತಿದ್ದಾಗ ವಿಶ್ವವಿದ್ಯಾಲಯದ ಮುಖ್ಯಸ್ಥರಾದ ರೆಕ್ಟರ್ ಪಾದ್ರಿ ಮೈಕಿನಲ್ಲಿ ಗಟ್ಟಿಯಾಗಿ "ಫ್ಲೊರೆಂತಿನಾ ಪಾಲ್ಮಾರೆಸ್" ಅಂತ ಕರೆದರು.

ನಾನು ಮುಂದೆ ಹೋದೆ.

ಬೇಕಂತ ಅಲ್ಲ. ಕಾಲು ತಾನಾಗಿಯೇ ಹೋಯಿತು. ಪಟ್ಟಿ ಹಿಡಿದುಕೊಂಡು ವೇದಿಕೆಯ ನಡುವೆ, ರೆಕ್ಟರ್ ಎದುರಿಗೆ ನಿಂತಿದ್ದೆ. ಅವರು ಬಗ್ಗಿ ಮೆಲ್ಲಗೆ, "ಅಮ್ಮಾ, ನೀವಲ್ಲ, ಅವರು" ಅಂದರು. ಸಭೆಯಲ್ಲಿ ಜನ ನಕ್ಕರು. ಕೆಟ್ಟ ನಗು ಅಲ್ಲ, ಮುದುಕಿ ಗಲಿಬಿಲಿ ಮಾಡಿಕೊಂಡಳು ಅಂತ ಪ್ರೀತಿಯಿಂದಲೇ ನಕ್ಕರು. ಕುತಿಂಗ್ ಮಾತ್ರ ನಗಲಿಲ್ಲ. ಅವಸರವನ್ನೂ ಮಾಡಲಿಲ್ಲ. ನಾನು ಅಲ್ಲಿ ನಿಂತಷ್ಟು ಹೊತ್ತು ಅವಳು ತನ್ನ ಜಾಗದಲ್ಲೇ ನಿಂತಿದ್ದಳು. ಆಮೇಲೆ ನಿಧಾನ ನಡೆದು ಬಂದು ನನ್ನ ಮುಂದೆ ತಲೆ ಬಗ್ಗಿಸಿದಳು. ಹಾಕಿದೆ. ಎಡಗಡೆ ಸ್ವಲ್ಪ ಸೊಟ್ಟಗಾಯಿತು, ಅವಳ ಕಿವಿಗೆ ಸಿಕ್ಕಿಹಾಕಿಕೊಂಡು. ಅವಳ ಭಾಷಣದಲ್ಲಿ ಏನೂ ಬರಲಿಲ್ಲ, ನನ್ನಕ್ಕನಿಂದ ಪಡೆದದ್ದನ್ನು ತೀರಿಸಲಾರೆ ಅನ್ನುವ ಒಂದು ಮಾತು ಬಿಟ್ಟು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಊರಿಗೆ ಬಂದು ಹಂದಿ ಸುಟ್ಟದ್ದೂ ಆಯಿತು, ತಿಂದದ್ದೂ ಆಯಿತು. ಹಂದಿ ನನ್ನದೇ.

ಫೋಟೋವನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ಅದು ನಿನ್ನ ಹತ್ತಿರವೇ ಇರಲಿ. ಇಲ್ಲಿಟ್ಟುಕೊಂಡರೆ ದಿನಾ ತೆಗೆದು ನೋಡುತ್ತೇನೆ. ಈಸ್ಟರ್ ಹಬ್ಬ ನಿನ್ನ ಮನೆಗೆ ಒಳ್ಳೆಯದನ್ನು ತರಲಿ. ನಿನ್ನ ಮಗಳಿಗೆ, ಮೊಮ್ಮಕ್ಕಳಿಗೆ, ನಿನ್ನ ಆ ಸಿಟ್ಟಿಗೆ, ಎಲ್ಲಕ್ಕೂ ದೇವರು ದೀರ್ಘಾಯುಸ್ಸು ಕೊಡಲಿ.

ನಿನ್ನ
ನೆನೆಂಗ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿದೆ. ಮೊದಲ ಪತ್ರದಲ್ಲಿ ನಿನಗೆ ಸುಳ್ಳು ಬರೆದೆ. ಅಮ್ಮ ನನ್ನನ್ನು ತಡೆಯಲಿಲ್ಲ. ನನ್ನ ಪೆಟ್ಟಿಗೆಯನ್ನು ಅವಳೇ ಕಟ್ಟಿಟ್ಟಿದ್ದಳು, ಪುಟ್ಟವುಗಳನ್ನು ಹೇಗೋ ಸಾಕುತ್ತೇನೆ, ನೀನು ಹೋಗು ಅಂದಿದ್ದಳು. ಒಲ್ಲೆ ಅಂದವಳು ನಾನು. ಪರೀಕ್ಷೆಗೆ ಹೋದಾಗ ಕಾನ್ವೆಂಟಿನಲ್ಲಿ ಒಂದು ದಿನ ಉಳಿದಿದ್ದೆನಲ್ಲ, ಹೊಸ ಜಾಗದ ಹೆದರಿಕೆಗೆ ಹಾಸಿಗೆಯಲ್ಲೇ ಉಚ್ಚೆ ಹೊಯ್ದುಕೊಂಡಿದ್ದೆ. ಬೆಳಿಗ್ಗೆ ಸಿಸ್ಟರ್ ಆ ಹಾಸಿಗೆಯನ್ನು ನನ್ನ ತಲೆಯ ಮೇಲೆ ಹೊರಿಸಿ, ನಲವತ್ತು ಹುಡುಗಿಯರು ಸಾಲಾಗಿ ನಿಂತ ಅಂಗಳದಲ್ಲಿ ನಡೆಸಿದಳು. ಹದಿಮೂರು ವರ್ಷದವಳು ನಾನು. ಮತ್ತೆ ಆ ಅಂಗಳಕ್ಕೆ ಹೋಗುವುದಾದರೆ ಹೊಳೆಗೆ ಹಾರುತ್ತೇನೆ, ಕುತಿಂಗ್‌ನ ಕಳಿಸು ಅಂದೆ. ನಾನು ಹೆದರಿದೆ ಅಂತ ಕುತಿಂಗ್‌ಗೆ ಹೇಳಬೇಡ, ನೀನೇ ನನ್ನನ್ನು ತಡೆದೆ ಅಂತ ಹೇಳು ಅಂತ ಅಮ್ಮನ ಕೈಯಲ್ಲಿ ಆಣೆ ಹಾಕಿಸಿಕೊಂಡೆ. ಬಟ್ಟೆ ಒಗೆಯುತ್ತಿದ್ದ ಅಮ್ಮ ಸೋಪಿನ ಕೈಯಲ್ಲೇ ನನ್ನ ಕೆನ್ನೆ ಸವರಿ "ಆಗಲಿ ಬಿಡು" ಅಂದಳು. ಸಾಯುವವರೆಗೂ ಯಾರಿಗೂ ಹೇಳಲಿಲ್ಲ. ಅವಳ ಗೋರಿಯ ಮುಂದೆ ಮಗಳು ಮಂಡಿಯೂರದಿದ್ದುದನ್ನು ನಾನು ಪ್ರತಿ ನವೆಂಬರೂ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮೊನ್ನೆ ಆ ಕೋಣೆಯಲ್ಲಿ ಕುತಿಂಗ್ ನನ್ನ ಕಾಲ ಬಳಿ ಬಿದ್ದಾಗ ಬಾಯಿ ಬಿಡಲು ಒಂದು ನಿಮಿಷ ಸಾಕಿತ್ತು. ನಾನು ಅವಳ ತಲೆಯ ಮೇಲೆ ಕೈ ಇಟ್ಟು, ಕ್ಷಮಿಸಿದ್ದೇನೆ ಅಂದೆ.